ಲಾಲ್‌ಬಾಗ್‌ನ ಜರ್ಮನ್ ತೋಟಗಾರ: ಬೆಂಗಳೂರಿನಲ್ಲೇ ಮಣ್ಣಾದ ಕೃಂಬಿಗಲ್

ಬೆಂಗಳೂರು: ಬೇಸಿಗೆ ಬಂತೆಂದರೆ ನಗರದ ರಸ್ತೆಗಳಲ್ಲಿ ತಬೂಬಿಯಾ, ಜಕರಂದ, ಗುಲ್‌ಮೊಹರ್ ಒಂದರ ಹಿಂದೊಂದರಂತೆ ಅರಳುತ್ತವೆ. ವರ್ಷವಿಡೀ ಯಾವುದಾದರೊಂದು ಮರ ಹೂವಿನಿಂದ ತುಂಬಿರಬೇಕೆಂಬ ಈ ಯೋಜನೆಯೊಂದಿಗೆ ಬೆಸೆದುಕೊಂಡಿರುವ ಹೆಸರು ಗುಸ್ತಾವ್ ಹರ್ಮನ್ ಕೃಂಬಿಗಲ್.

ಜರ್ಮನಿಯ ಡ್ರೆಸ್ಡೆನ್ ಸಮೀಪದ ಲೋಮೆನ್‌ನಲ್ಲಿ 1865ರ ಡಿಸೆಂಬರ್ 18ರಂದು ಜನಿಸಿದ ಕೃಂಬಿಗಲ್, ತಾಯ್ನಾಡಿನಲ್ಲಿ ತೋಟಗಾರಿಕೆ ಕಲಿತು 1888ರಲ್ಲಿ ಇಂಗ್ಲೆಂಡ್ ಸೇರಿದರು. ಲಂಡನ್ನಿನ ಹೈಡ್ ಪಾರ್ಕ್‌ನ ಹೂಪಾತಿಗಳಲ್ಲಿ ದುಡಿದು, ಬಳಿಕ ಪ್ರಸಿದ್ಧ ಕ್ಯೂ ಸಸ್ಯೋದ್ಯಾನ ಸೇರಿದರು. 1893ರಲ್ಲಿ ಬರೋಡಾ ಸಂಸ್ಥಾನದ ಉದ್ಯಾನಗಳ ಹೊಣೆ ಹೊತ್ತು ಭಾರತಕ್ಕೆ ಬಂದರು. ಅಲ್ಲಿಂದ ಮುಂದೆ ಅವರ ಬದುಕು ಇಲ್ಲಿನದೇ ಆಯಿತು.

ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲಿ, 1908ರಲ್ಲಿ, ಜಾನ್ ಕ್ಯಾಮರೂನ್ ಅವರ ಉತ್ತರಾಧಿಕಾರಿಯಾಗಿ ಲಾಲ್‌ಬಾಗ್‌ಗೆ ಬಂದ ಅವರು ಉದ್ಯಾನವನ್ನು ಕೇವಲ ವಿಹಾರತಾಣವಾಗಿ ಉಳಿಸಲಿಲ್ಲ. ರೋಡ್ಸ್ ಹುಲ್ಲು, ರಷ್ಯಾದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮೆಕ್ಕೆಜೋಳಗಳನ್ನು ಇಲ್ಲಿನ ನೆಲಕ್ಕೆ ಪರಿಚಯಿಸಿದ ಶ್ರೇಯಸ್ಸು ಅವರದು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಜನ್ಮ ತಳೆಯಿತು. ಕನ್ನಂಬಾಡಿಯ ಬೃಂದಾವನ ಉದ್ಯಾನದ ವಿನ್ಯಾಸದಲ್ಲೂ ಅವರ ಪಾತ್ರವಿತ್ತು. 1932ರಲ್ಲಿ ನಿವೃತ್ತರಾದಾಗ ಎಚ್.ಸಿ. ಜವರಾಯ ಅವರು ಆ ಸ್ಥಾನಕ್ಕೆ ಬಂದರು.

ನಿವೃತ್ತಿಯ ನಂತರವೂ ಕೃಂಬಿಗಲ್ ತಾಯ್ನಾಡಿಗೆ ಮರಳಲಿಲ್ಲ. ಆದರೆ ಎರಡನೇ ಮಹಾಯುದ್ಧ ಆರಂಭವಾಗುತ್ತಿದ್ದಂತೆ ಅವರ ಹುಟ್ಟೂರೇ ಅವರಿಗೆ ಮುಳುವಾಯಿತು. ಭಾರತಕ್ಕೆ ಬಂದು 46 ವರ್ಷ ಕಳೆದಿದ್ದರೂ, ವಯಸ್ಸು 70 ದಾಟಿದ್ದರೂ, ಬ್ರಿಟಿಷ್ ಸರ್ಕಾರದ ಕಣ್ಣಿಗೆ ಅವರು ಶತ್ರುದೇಶದ ಪ್ರಜೆಯಾಗಿಯೇ ಕಂಡರು. ತಾವೇ ಹಸಿರಾಗಿಸಿದ ನಾಡಿನಲ್ಲಿ ಬಂಧನವನ್ನು ಅನುಭವಿಸಬೇಕಾಯಿತು. ಬಿಡುಗಡೆಯ ನಂತರವೂ ಅವರು ಆಯ್ದುಕೊಂಡಿದ್ದು ಬೆಂಗಳೂರನ್ನೇ. 1956ರ ಫೆಬ್ರುವರಿ 8ರಂದು, 90ನೆಯ ವಯಸ್ಸಿನಲ್ಲಿ ಇಲ್ಲಿಯೇ ಕೊನೆಯುಸಿರೆಳೆದರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಕುಟುಂಬದ ಕುಡಿಗಳು ಇಂಗ್ಲೆಂಡಿನಲ್ಲಿ ಬೇರುಬಿಟ್ಟವು. ಹಲವು ದಶಕಗಳ ನಂತರ ಅವರ ಮರಿಮೊಮ್ಮಗಳು ಮುತ್ತಜ್ಜನ ಹೆಜ್ಜೆಗುರುತುಗಳನ್ನು ಅರಸುತ್ತ ಬೆಂಗಳೂರಿಗೆ ಬಂದರು. ಮನೆತನದ ನೆನಪುಗಳಲ್ಲಿ ಮಾತ್ರ ಉಳಿದಿದ್ದ ವ್ಯಕ್ತಿಯನ್ನು ಈ ನಗರ ತನ್ನವನೆಂದೇ ಭಾವಿಸಿರುವುದು ಅವರಿಗೆ ಇಲ್ಲಿ ಕಾಣಸಿಕ್ಕಿತು. ಲಾಲ್‌ಬಾಗ್ ಬಳಿಯ ರಸ್ತೆಯೊಂದು ಇಂದಿಗೂ ಕೃಂಬಿಗಲ್ ಹೆಸರನ್ನೇ ಹೊತ್ತಿದೆ.

ಆದರೆ ನೆನಪನ್ನು ಕಾಪಾಡುವುದು ನಾಮಫಲಕದಷ್ಟು ಸುಲಭವಲ್ಲ. ಉದ್ಯಾನದೊಳಗೆ ಅವರ ಹೆಸರಿನಲ್ಲಿದ್ದ ಹಳೆಯ ಸಭಾಂಗಣ ಶಿಥಿಲಗೊಂಡು 2017ರಲ್ಲಿ ನೆಲಸಮವಾಯಿತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದಂಥ ಬಡಾವಣೆಗಳು ತಲೆಯೆತ್ತಿದ್ದು ಅವರು ನಿವೃತ್ತರಾದ ಎಷ್ಟೋ ವರ್ಷಗಳ ಮೇಲೆ. ಆ ಬೀದಿಗಳಲ್ಲಿ ನೆರಳಿಗೆ, ಹೂವಿಗೆ ಸಾಲುಮರ ನೆಡುವ ಪರಿಪಾಠ ಮಾತ್ರ ಅವರಂಥವರು ಹಾಕಿಕೊಟ್ಟ ಮೇಲ್ಪಂಕ್ತಿಯೇ. ರಸ್ತೆ ವಿಸ್ತರಣೆಗೆಂದು ಕೊಡಲಿ ಬೀಳುವಾಗಲೆಲ್ಲ ಕಡಿದುಹೋಗುವುದು ಆ ಪರಂಪರೆಯ ಒಂದೊಂದು ಕೊಂಬೆ.