ಕಾವೇರಿಯ ಶಕ್ತಿಯೂ ದಿವಾನ್ ಶೇಷಾದ್ರಿ ಅಯ್ಯರವರೂ

ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವವನ್ನು ಕಾಣಲು ಸಹಸ್ರಾರು ಮಂದಿ ಬ್ರಹ್ಮಗಿರಿಯನ್ನೇರುವರು. ಕೊಡಗಿನವರಿಗೆ ಕಾವೇರಿಯು ನದಿಯಲ್ಲ, ತಾಯಿ. ಆ ತಾಯಿಯ ಜಲವು ಕೊಡಗಿನ ಎಲ್ಲೆಯನ್ನು ದಾಟಿ ಶಿವನಸಮುದ್ರದಲ್ಲಿ ಧುಮುಕಿ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿದ ಕಥೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಆದರೆ ಆ ಕಾರ್ಯವನ್ನು ಸಾಧಿಸಿದ ಪುರುಷನ ಚರಿತ್ರೆಯನ್ನು ಇಂದು ಮತ್ತೊಮ್ಮೆ ಸ್ಮರಿಸಲು ಕಾರಣವುಂಟು. ಕಲ್ಲಿದ್ದಲನ್ನು ಬಿಟ್ಟು ಬಿಸಿಲು, ಗಾಳಿ, ನೀರುಗಳಿಂದ ಶಕ್ತಿಯನ್ನು ಪಡೆಯಬೇಕೆಂದು ದೊಡ್ಡ ಕೈಗಾರಿಕೆಗಳಿಗೆ ಎಲ್ಲ ದೇಶಗಳಲ್ಲಿಯೂ ಬುದ್ಧಿವಾದ ನಡೆದಿರುವ ಕಾಲವಿದು. ಇಂತಹದೊಂದು ಪರಿವರ್ತನೆಯನ್ನು ನಮ್ಮ ನಾಡು ನೂರಿಪ್ಪತ್ತು ವರ್ಷಗಳಿಗೂ ಹಿಂದೆಯೇ ಮಾಡಿ ತೋರಿಸಿತು.

ಸರ್ ಕೆ. ಶೇಷಾದ್ರಿ ಅಯ್ಯರವರು 1845ರಲ್ಲಿ ಮಲಬಾರಿನ ಪಾಲಘಾಟಿನ ಸಮೀಪ ಕುಮಾರಪುರದಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿಯನ್ನು ಪಡೆದು 1868ರಲ್ಲಿ ಮೈಸೂರಿನ ಸೇವೆಗೆ ಸೇರಿದರು. ದಿವಾನ್ ರಂಗಾಚಾರ್ಲುರವರು 1883ರಲ್ಲಿ ಕಾಲವಾದ ಮೇಲೆ ಆ ಪದವಿಗೆ ಬಂದು 1901ರವರೆಗೂ ಅದನ್ನು ನಿರ್ವಹಿಸಿದರು. ಇಷ್ಟು ದೀರ್ಘಕಾಲ ಮೈಸೂರಿನ ದಿವಾನಗಿರಿಯನ್ನು ನಡೆಸಿದವರು ಅವರ ಅನಂತರ ಯಾರೂ ಇಲ್ಲ. ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ಬಂದುದು, ಮಾರಿಕಣಿವೆಯ ಕಟ್ಟೆಯ ಕೆಲಸ ಆರಂಭವಾದುದು, ಭೂಗರ್ಭ ಶೋಧನೆಯ ಇಲಾಖೆ 1894ರಲ್ಲಿ ಸ್ಥಾಪಿತವಾದುದು, ಎಲ್ಲವೂ ಅವರ ಕಾಲದಲ್ಲಿಯೇ. ಹೊರಪ್ರಾಂತ್ಯದವರಿಗೆ ಉದ್ಯೋಗಗಳನ್ನು ಹಂಚಿ ನಾಡಿನವರನ್ನು ಹಿಂದಿಟ್ಟರೆಂಬ ಆಕ್ಷೇಪಣೆಯೂ ಅವರ ಮೇಲೆ ಬಲವಾಗಿಯೇ ಇದ್ದಿತು. ಆ ಆಕ್ಷೇಪಣೆ ನಿರಾಧಾರವಾದುದೆಂದು ನಾವು ಹೇಳಲಾರೆವು. ಆದರೆ ಅವರ ಕಾರ್ಯದಕ್ಷತೆಯನ್ನು ವಿರೋಧಿಗಳೂ ಅಲ್ಲಗಳೆಯಲಿಲ್ಲ.

ಕೋಲಾರದ ಗಣಿಗಳಲ್ಲಿ 1880ರಿಂದ ಜಾನ್ ಟೇಲರ್ ಮತ್ತು ಪುತ್ರರ ಸಂಸ್ಥೆಯು ಪ್ರಬಲವಾಯಿತು. ಅದಿರನ್ನು ಕುಟ್ಟುವ ಯಂತ್ರಗಳು, ಗಾಳಿಯನ್ನೂ ನೀರನ್ನೂ ಎಳೆಯುವ ಯಂತ್ರಗಳು, ಎಲ್ಲವೂ ಉಗಿಯಿಂದ ನಡೆಯುತ್ತಿದ್ದವು. ಉಗಿಗೆ ಬೇಕಾದುದು ಸೌದೆ. ಸೌದೆ ಸಾಲದಾದಾಗ ದೂರದಿಂದ ತರಿಸಿದ ಕಲ್ಲಿದ್ದಲು. ಗಣಿಯ ಆಳ ಹೆಚ್ಚಿದಂತೆಲ್ಲ ಉರುವಲಿನ ವೆಚ್ಚವೂ ಹೆಚ್ಚುತ್ತ ಹೋಗುವುದು ಸಹಜವಷ್ಟೆ. ಚಿನ್ನದ ರಾಜಧನವು ಸಂಸ್ಥಾನದ ಬೊಕ್ಕಸಕ್ಕೆ ಸಲ್ಲುತ್ತಿದ್ದುದರಿಂದ ಗಣಿಗಳ ಕಷ್ಟವು ಸರ್ಕಾರದ ಕಷ್ಟವೂ ಆಗಿದ್ದಿತು.

ಮೈಸೂರಿನ ಸಹಾಯಕ ಮುಖ್ಯ ಇಂಜಿನಿಯರರಾಗಿದ್ದ ಜೋಲಿ ಡಿ ಲಾಟ್‌ಬಿನಿಯೇರ್ ಎಂಬವರು ಶಿವನಸಮುದ್ರದ ಜಲಪಾತವನ್ನು ಕಂಡು, ಅದರ ಬಲವನ್ನು ವಿದ್ಯುಚ್ಛಕ್ತಿಯಾಗಿ ಮಾರ್ಪಡಿಸಿ ತಂತಿಯ ಮೂಲಕ ಗಣಿಗಳಿಗೆ ಸಾಗಿಸಬಹುದೆಂದು ಸೂಚಿಸಿದರು. ಇದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅಮೆರಿಕದ ನಯಾಗರದಿಂದ ಬಫೆಲೊ ನಗರಕ್ಕೆ 1896ರಲ್ಲಿ ಶಕ್ತಿ ಹರಿದಾಗ ಅದರ ದೂರ ಮೂವತ್ತು ಮೈಲಿಗೂ ಕಡಿಮೆ. ಶಿವನಸಮುದ್ರದಿಂದ ಗಣಿಗಳಿಗಾದರೋ ಸುಮಾರು 92 ಮೈಲಿ. ಯಾವನೋ ಒಬ್ಬ ಉತ್ಸಾಹಿಯ ಕನಸೆಂದು ಕಡತವನ್ನು ಕಟ್ಟಿಡುವುದು ಅಧಿಕಾರಿಗಳಿಗೆ ಎಷ್ಟು ಸುಲಭವೆಂಬುದು ನಮ್ಮ ವಾಚಕರಿಗೆ ತಿಳಿಯದ ವಿಷಯವಲ್ಲ. ಶೇಷಾದ್ರಿ ಅಯ್ಯರವರು ಹಾಗೆ ಮಾಡದೆ, ಆ ಇಂಜಿನಿಯರರನ್ನು ಯೂರೋಪು ಅಮೆರಿಕಗಳಿಗೆ ಕಳುಹಿಸಿ ಸಂಗತಿಯನ್ನು ವಿಚಾರಿಸಿದರು.

ಅವರ ನಿಜವಾದ ಸಾಮರ್ಥ್ಯವು ಕಂಡುಬಂದುದು ಕರಾರಿನಲ್ಲಿ. ಶಕ್ತಿಯನ್ನು ಉತ್ಪಾದಿಸಿ ಕೊಳ್ಳುವವರಿಗಾಗಿ ಕಾಯುವುದು ವ್ಯಾಪಾರಿಗೂ ಸಲ್ಲದು, ಸರ್ಕಾರಕ್ಕೂ ಸಲ್ಲದು. ಹೊಸ ಶಕ್ತಿ ದಿನವೂ ತಪ್ಪದೆ ಬಂದೀತೆಂಬ ಭರವಸೆಯಿಲ್ಲದೆ ಇದ್ದ ಉಗಿಯಂತ್ರಗಳನ್ನು ಕಿತ್ತೊಗೆಯುವ ಗಣಿಯ ಒಡೆಯನೂ ಇಲ್ಲ. ಈ ತೊಡಕನ್ನು ಬಿಡಿಸಲು ದಿವಾನರು ಮೂರು ಪಕ್ಷಗಳನ್ನು ಒಂದೇ ಬಂಧನಕ್ಕೆ ತಂದರು. ವಿದ್ಯುದ್ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯು ನಿಲ್ಲಿಸಿಕೊಡುವುದು. ಗಣಿಗಳ ಪರವಾಗಿ ಟೇಲರ್ ಸಂಸ್ಥೆಯು 4,000 ಅಶ್ವಶಕ್ತಿಯನ್ನು ನಿಶ್ಚಿತ ಅವಧಿಯವರೆಗೆ ಕೊಳ್ಳುವುದು. ಸ್ಥಾವರವೂ ಅದರ ಆದಾಯವೂ ಸಂಸ್ಥಾನದ್ದೇ ಆಗಿರುವುದು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯಿಂದ ಬಂದವು. ಜಲಪಾತವನ್ನು ಪರದೇಶದ ಕಂಪೆನಿಗೆ ವಹಿಸಿ ಕೈತೊಳೆದುಕೊಳ್ಳದೆ ಅದನ್ನು ನಾಡಿನ ಸ್ವತ್ತಾಗಿ ಉಳಿಸಿಕೊಂಡುದನ್ನು ನಾವು ಅವರ ಬೇರೆಲ್ಲ ಕಾರ್ಯಗಳಿಗಿಂತ ಮಿಗಿಲೆಂದು ಎಣಿಸುತ್ತೇವೆ. 1894ರಲ್ಲಿ ಚಾಮರಾಜೇಂದ್ರ ಒಡೆಯರವರು ಸ್ವರ್ಗಸ್ಥರಾದ ಮೇಲೆ ರಾಜ್ಯಭಾರವನ್ನು ವಹಿಸಿದ್ದ ವಾಣೀವಿಲಾಸ ಸನ್ನಿಧಾನದ ಮಹಾರಾಣಿಯವರ ಕಾಲದಲ್ಲಿ ಈ ಸಾಹಸ ನಡೆಯಿತು.

ರೈಲು ಮುಟ್ಟದ ಆ ಕಣಿವೆಗೆ ಭಾರಿ ಯಂತ್ರಗಳನ್ನು ಗಾಡಿಗಳಿಂದಲೂ ಆನೆಗಳಿಂದಲೂ ಸಾಗಿಸಬೇಕಾಯಿತು. ಇಷ್ಟರಲ್ಲಿ ಶೇಷಾದ್ರಿ ಅಯ್ಯರವರ ದೇಹಸ್ಥಿತಿ ಕೆಟ್ಟಿತು. 1901ರಲ್ಲಿ ಅಧಿಕಾರದಿಂದ ನಿವೃತ್ತರಾಗಿ ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. 1902ನೆಯ ಜೂನ್ 30ರಂದು ಗಣಿಗಳಿಗೆ ವಿದ್ಯುಚ್ಛಕ್ತಿ ಹರಿದಾಗ ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. 1905ರಲ್ಲಿ ಅದೇ ಶಕ್ತಿಯಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆಯನ್ನು 1913ರಲ್ಲಿ ಸ್ಥಾಪಿಸಲಾಯಿತು.

ಇನ್ನು ಕೊರತೆಯ ಮಾತು. ಕಾವೇರಿಯು ಮಳೆಗಾಲದಲ್ಲಿ ಉಕ್ಕುವಳು, ಬೇಸಗೆಯಲ್ಲಿ ಬಡವಾಗುವಳು. ಶಿವನಸಮುದ್ರದ ಚಕ್ರಗಳಿಗೆ ವರ್ಷವೆಲ್ಲ ಒಂದೇ ಸಮನಾಗಿ ನೀರು ಬೇಕು, ಗಣಿಗೆ ಬೇಸಗೆಯೆಂಬುದಿಲ್ಲ. ಚಕ್ರವನ್ನು ತಿರುಗಿಸಿದ ನೀರು ಮರಳಿ ನದಿಗೇ ಸೇರುವುದಾದರೂ, ಮಳೆಗಾಲದ ನೀರನ್ನು ಕೂಡಿಟ್ಟುಕೊಳ್ಳಲು ಕಟ್ಟೆ ಬೇಕೇ ಬೇಕು. ಕಟ್ಟೆಯೆಂದೊಡನೆ ಮದರಾಸಿನೊಡನೆ ವ್ಯಾಜ್ಯ. ಕೆಳಗಣ ಪ್ರಾಂತ್ಯದ ಒಪ್ಪಿಗೆಯಿಲ್ಲದೆ ನದಿಗೆ ಹೊಸ ಕಟ್ಟೆಗಳನ್ನು ಕಟ್ಟಕೂಡದೆಂಬ 1892ರ ಒಡಂಬಡಿಕೆಯೂ ಇದೇ ದಿವಾನರ ಕಾಲದ್ದು. ಅದರ ಭಾರವನ್ನು ಅವರ ಅನಂತರದವರು ಹೊತ್ತರು. 1911ರಲ್ಲಿ ಕನ್ನಂಬಾಡಿಯ ಕೆಲಸ ಮೊದಲಾದಾಗ ಗಣಿಗಳ ಶಕ್ತಿಗೆ ತಪ್ಪದೆ ನೀರೊದಗಿಸುವುದೂ ಅದರ ಉದ್ದೇಶಗಳಲ್ಲೊಂದಾಗಿದ್ದಿತು.

ಆ ನೀರಿನ ಬಹುಭಾಗವನ್ನು ಕೊಡುವ ಕೊಡಗಿನ ಹೆಸರು ಮಾತ್ರ ಯಾವ ಕರಾರಿನಲ್ಲಿಯೂ ಇರಲಿಲ್ಲ. ಭಾಗಮಂಡಲದ ಕನ್ನಿಕೆ, ಹಾರಂಗಿ, ಬ್ರಹ್ಮಗಿರಿಯಿಂದಿಳಿಯುವ ಲಕ್ಷ್ಮಣತೀರ್ಥ, ಇವೆಲ್ಲ ಕೊಡಗಿನ ಕಾಡುಗಳು ಹಿಡಿದಿಟ್ಟುಕೊಂಡ ಮಳೆಯ ಮಕ್ಕಳು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾದುದು. ಅಂದು ಅದರ ಚೀಫ್ ಕಮಿಷನರರು ಮೈಸೂರಿನ ರೆಸಿಡೆಂಟರೇ ಆಗಿದ್ದರೂ, ಕಾಡನ್ನು ಕಾಯುವವರಿಗೆ ನೀರಿನ ಆದಾಯದಲ್ಲಿ ಪಾಲುಂಟೆಂಬ ವಿಚಾರವು ಯಾರ ಮನಸ್ಸಿಗೂ ಬಾರದೆ ಹೋಯಿತು. ಈ ಲೋಪಕ್ಕೆ ಶೇಷಾದ್ರಿ ಅಯ್ಯರವರೊಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ಮೂರು ಪಕ್ಷಗಳ ಹಿತವನ್ನು ಅಷ್ಟು ಸೂಕ್ಷ್ಮವಾಗಿ ತೂಗಬಲ್ಲವರಿಗೆ ನಾಲ್ಕನೆಯದು ಕಾಣಿಸಲಿಲ್ಲವಲ್ಲಾ ಎಂಬ ವ್ಯಥೆ ನಮಗಿದೆ.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. 1956ರಲ್ಲಿ ಕೊಡಗು ಮೈಸೂರು ರಾಜ್ಯದೊಳಗೆ ಸೇರಿತು. ಆದರೂ ಮೈಸೂರಿನಿಂದ ಕೋಳಿಕ್ಕೋಡಿಗೆ 400 ಕಿಲೋವೋಲ್ಟಿನ ತಂತಿಯನ್ನು ಕೊಡಗಿನ ಕಾಡು, ಕಾಫಿತೋಟಗಳ ಮೇಲೆ ಎಳೆಯಹೊರಟಾಗ, ಮಾರ್ಗವನ್ನು ಬದಲಿಸಿರೆಂದು ಅಲ್ಲಿನವರು ವರ್ಷಗಟ್ಟಲೆ ಮೊರೆಯಿಟ್ಟರು. ಸಾವಿರಾರು ಮರಗಳು ಉರುಳಿದವು. 2015ರಲ್ಲಿ ತಂತಿಯ ಕೆಲಸ ಮುಗಿಯಿತು.