ಮೊದಲು ಕೈಕೆಲಸ, ಆಮೇಲೆ ಇಂಜಿನಿಯರಿಂಗ್

ಬ್ರಹ್ಮಾವರದಲ್ಲಿ ಉಡುಪಿ ಬಸ್ ಹತ್ತಿ ಸ್ವರ್ಣಾ ನದಿ ದಾಟಿದ್ರೆ ಕಲ್ಯಾಣಪುರ. ಡಾ. ಟಿ.ಎಂ.ಎ. ಪೈ ಹುಟ್ಟಿದ್ದು ಅಲ್ಲೇ, 1898ರಲ್ಲಿ. ಮದ್ರಾಸಿನಲ್ಲಿ ಡಾಕ್ಟರಿಕೆ ಓದಿ ಊರಿಗೆ ಬಂದರು. 1925ರಲ್ಲಿ ಅಣ್ಣ ಉಪೇಂದ್ರ ಪೈ, ವಾಮನ ಕುಡ್ವರ ಜೊತೆ ಕಟ್ಟಿದ ಬ್ಯಾಂಕು ಕಷ್ಟದಲ್ಲಿದ್ದ ನೇಕಾರರಿಗಾಗಿ. ಪಿಗ್ಮಿಗೆ ದಿನಕ್ಕೆ ಎರಡಾಣೆ ಕಟ್ಟಿದ್ರೂ ಸಾಕಿತ್ತು.

ಅಂಥ ಮನೆಯ ಮಕ್ಕಳು ಹೈಸ್ಕೂಲಿಗೇ ನಿಂತುಬಿಟ್ರೆ? ಕಾಲೇಜು ಬೇಕಂದ್ರೆ ಮಂಗಳೂರಿಗೇ ಹೋಗಬೇಕಿದ್ದ ಕಾಲ. 1942ರಲ್ಲಿ ಪೈಗಳು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಶುರುಮಾಡಿದ್ದು ಕೈಗೊಂದು ಕಸುಬು ಕಲಿಸೋದಕ್ಕೆ. ಮೆಡಿಕಲ್ ಕಾಲೇಜು ಬಂದದ್ದು 1953ರಲ್ಲಿ, ಎಂಐಟಿ 1957ರಲ್ಲಿ, ಕುಂದಾಪುರದ ಭಂಡಾರ್ಕಾರ್ಸ್ 1963ರಲ್ಲಿ. ಐಟಿಐ ಅಂದ್ರೆ ಮೂಗು ಮುರಿಯೋ ನಾವು ಈ ಇಸವಿಗಳ ಕ್ರಮ ನೋಡಿಯೇ ಇಲ್ಲ.

ಪೈ ತೀರಿಕೊಂಡದ್ದು 1979ರಲ್ಲಿ.