ಲೆಕ್ಕ ಓದಲು ಕಲಿತ ರಬ್ಬರ್ ಕೂಲಿ

ನಾನು ಓದುತ್ತಿರುವುದು ಮೆಕ್ಯಾನಿಕಲ್ ಎಂಜಿನಿಯರಿಂಗ್. ರಬ್ಬರ್ ಎಂದರೆ ನಮಗೆ ಮೆಟೀರಿಯಲ್ ಸೈನ್ಸ್ ಪುಸ್ತಕದ ಒಂದು ಅಧ್ಯಾಯ. ವಲ್ಕನೈಸೇಷನ್ ಬಗ್ಗೆ ಟಿಪ್ಪಣಿ ಬರೆದರೆ ಐದು ಅಂಕ. ಆ ರಬ್ಬರಿನ ಹಾಲು ಇಳಿಸುತ್ತಿದ್ದ ಒಬ್ಬ ಕೂಲಿಯವ ಕಾಡು ಉಳಿಸಲು ಹೋಗಿ ಪ್ರಾಣ ಕೊಟ್ಟ ಕಥೆ ನಮ್ಮ ಸಿಲೆಬಸ್‌ನಲ್ಲಿಲ್ಲ. ಅವನ ಹೆಸರು ಚಿಕೊ ಮೆಂಡಿಸ್.

1944ರ ಡಿಸೆಂಬರ್ 15ರಂದು ಬ್ರೆಜಿಲ್‌ನ ಆಕ್ರೆ ರಾಜ್ಯದ ಶಾಪುರಿ ಪಟ್ಟಣದ ಬಳಿ, ಅಮೆಜಾನ್ ಕಾಡಿನಲ್ಲಿ ಚಿಕೊ ಹುಟ್ಟಿದ. ನಮ್ಮ ಸುಳ್ಯ, ಪುತ್ತೂರು ಕಡೆ ರಬ್ಬರ್ ಎಂದರೆ ಸಾಲಾಗಿ ನೆಟ್ಟ ತೋಟ. ಅಲ್ಲಿ ಹಾಗಲ್ಲ. ಅದು ರಬ್ಬರ್ ಮರದ ತವರು. ನೂರಾರು ಜಾತಿಯ ಹಳೆಯ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ರಬ್ಬರ್ ಮರ. ಬೆಳಕು ಹರಿಯುವ ಮೊದಲೇ ಹೊರಟು, ಕಾಲುದಾರಿಯಲ್ಲಿ ಮರದಿಂದ ಮರಕ್ಕೆ ನಡೆದು, ತೊಗಟೆ ಗೀರಿ ಬಟ್ಟಲು ಕಟ್ಟಬೇಕು. ಮತ್ತೆ ಅದೇ ದಾರಿಯಲ್ಲಿ ಹೋಗಿ ಹಾಲು ತರಬೇಕು. ಕಾಡು ನಿಂತಿದ್ದರೆ ಮಾತ್ರ ಅನ್ನ. ಒಂಬತ್ತನೇ ವಯಸ್ಸಿಗೇ ಚಿಕೊ ಅಪ್ಪನ ಜೊತೆ ಈ ಕೆಲಸಕ್ಕೆ ಇಳಿದ.

ಅಲ್ಲಿ ಶಾಲೆ ಇರಲಿಲ್ಲ. ಧಣಿಗಳಿಗೆ ಅದು ಬೇಕಾಗಿಯೂ ಇರಲಿಲ್ಲ. ಕೂಲಿಯವರು ರಬ್ಬರನ್ನು ಧಣಿಗೇ ಮಾರಬೇಕು. ದಿನಸಿ, ಬಟ್ಟೆಯನ್ನು ಧಣಿಯ ಬಳಿಯೇ ದುಬಾರಿ ಬೆಲೆಗೆ ಕೊಳ್ಳಬೇಕು. ಲೆಕ್ಕದ ಪುಸ್ತಕವೂ ಅವನ ಕೈಯಲ್ಲೇ. ಅಕ್ಷರ ಬಾರದವರಿಗೆ ಅದರಲ್ಲಿ ಏನು ಬರೆದಿದೆ ಎಂದು ತಿಳಿಯುವುದಾದರೂ ಹೇಗೆ? ವರ್ಷವಿಡೀ ದುಡಿದರೂ ಸಾಲ ತೀರುತ್ತಿರಲಿಲ್ಲ.

ಯುಕ್ಲಿಡೆಸ್ ತಾವೊರಾ ಎಂಬ ಎಡಪಂಥೀಯ ಹೋರಾಟಗಾರ ಸರ್ಕಾರದ ಕಣ್ಣು ತಪ್ಪಿಸಿ ಆ ಕಾಡಿನಲ್ಲಿ ನೆಲೆಸಿದ್ದ. ವಾರದ ಕೊನೆಯಲ್ಲಿ ಚಿಕೊ ಗಂಟೆಗಟ್ಟಲೆ ನಡೆದು ಅವನ ಗುಡಿಸಲಿಗೆ ಹೋಗುತ್ತಿದ್ದ. ಹಳೆಯ ಪತ್ರಿಕೆಗಳೇ ಪಠ್ಯಪುಸ್ತಕ. ರೇಡಿಯೊದಲ್ಲಿ ಬರುವ ವಿದೇಶಿ ವಾರ್ತೆಗಳೇ ಪಾಠ. ನಾವೆಲ್ಲ ಕಾಲೇಜು ಸೇರುವ ವಯಸ್ಸಿನಲ್ಲಿ ಚಿಕೊ ಅಕ್ಷರ ಕಲಿಯುತ್ತಿದ್ದ. ಮುಂದೆ ಕೂಲಿಯವರ ಸಂಘ ಕಟ್ಟಲು ಆ ಅಕ್ಷರವೇ ಅವನಿಗೆ ಬಂಡವಾಳವಾಯಿತು.

1970ರ ದಶಕದಲ್ಲಿ ಮಿಲಿಟರಿ ಸರ್ಕಾರ ಅಮೆಜಾನ್‌ಗೆ ರಸ್ತೆ ಹಾಕಿಸಿತು. ಹೊರಗಿನಿಂದ ಬಂದ ಜಾನುವಾರು ಸಾಕಣೆಯ ಜಮೀನುದಾರರು ಸಾವಿರಾರು ಎಕರೆ ಕೊಂಡು, ಮರ ಕಡಿದು ಬೆಂಕಿ ಹಚ್ಚತೊಡಗಿದರು. ಇದನ್ನು ತಡೆಯಲು 1976ರಲ್ಲಿ ರಬ್ಬರ್ ಕೂಲಿಗಳು ಹೂಡಿದ ಉಪಾಯವೇ ಎಂಪಾಟೆ. ಹೆಂಗಸರು, ಮಕ್ಕಳೆಲ್ಲ ಸೇರಿ ಮರ ಕಡಿಯುವವರ ಮುಂದೆ ಹೋಗಿ ನಿಂತುಬಿಡುವುದು. ಗರಗಸ ಹಿಡಿದವರೂ ಬಡವರೇ. ಅವರನ್ನು ಮಾತಿನಿಂದ ಒಲಿಸಿ ಗರಗಸ ಕೆಳಗಿಡಿಸುವುದು, ಆಮೇಲೆ ಅವರ ಬಿಡಾರ ಕಿತ್ತುಹಾಕುವುದು. 1983ರಲ್ಲಿ ನಮ್ಮ ಶಿರಸಿಯ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತರಲ್ಲ, ಆ ಕಾಲದಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಇದೂ ನಡೆಯುತ್ತಿತ್ತು.

ಆದರೆ ಅಲ್ಲಿ ಬಂದೂಕು ಸುಮ್ಮನಿರಲಿಲ್ಲ. 1980ರಲ್ಲಿ ಚಿಕೊನ ಒಡನಾಡಿ, ಸಂಘದ ನಾಯಕ ವಿಲ್ಸನ್ ಪಿನ್ಹೇರೊನನ್ನು ಸಂಘದ ಕಚೇರಿಯಲ್ಲೇ ಗುಂಡಿಟ್ಟು ಕೊಂದರು. ಚಿಕೊ ಹಿಂದೆ ಸರಿಯಲಿಲ್ಲ. 1985ರಲ್ಲಿ ರಾಜಧಾನಿ ಬ್ರೆಸಿಲಿಯಾದಲ್ಲಿ ರಬ್ಬರ್ ಕೂಲಿಗಳ ರಾಷ್ಟ್ರೀಯ ಮಂಡಳಿ ಹುಟ್ಟಿತು. ತಲೆಮಾರುಗಳಿಂದ ವೈರಿಗಳಾಗಿದ್ದ ಬುಡಕಟ್ಟು ಜನರ ಜೊತೆ ಕೂಲಿಗಳು ಕೈಜೋಡಿಸಿದರು. ಬೇಡಿಕೆ ಸರಳವಾಗಿತ್ತು: ಕಾಡು ಸರ್ಕಾರದ್ದೇ ಆಗಿರಲಿ, ಮರ ಕಡಿಯದೆ ರಬ್ಬರ್ ಹಾಲು, ಬ್ರೆಜಿಲ್ ನಟ್ ಸಂಗ್ರಹಿಸಿ ಬದುಕುವ ಹಕ್ಕು ಅಲ್ಲಿನ ಜನರಿಗಿರಲಿ.

1987ರಲ್ಲಿ ಚಿಕೊ ಅಮೆರಿಕಕ್ಕೆ ಹೋದ. ಅಮೆಜಾನ್ ಸೀಳುವ ಹೆದ್ದಾರಿಗೆ ಸಾಲ ಕೊಡುತ್ತಿದ್ದ ಬ್ಯಾಂಕಿನವರಿಗೆ ಕಾಡಿನ ಜನರ ಪಾಡು ವಿವರಿಸಿದ. ಬ್ಯಾಂಕು ಸಾಲ ತಡೆಹಿಡಿಯಿತು. ಅದೇ ವರ್ಷ ವಿಶ್ವಸಂಸ್ಥೆಯ ಗ್ಲೋಬಲ್ 500 ಪ್ರಶಸ್ತಿ ಬಂತು.

ಪ್ರಶಸ್ತಿ ಗುಂಡನ್ನು ತಡೆಯುವುದಿಲ್ಲ. 1988ರಲ್ಲಿ ದಾರ್ಲಿ ಆಲ್ವೆಸ್ ಎಂಬ ಜಮೀನುದಾರ ಕಶುಯೇರಾ ಎಂಬಲ್ಲಿ ಕಾಡು ಕಡಿಯಲು ಬಂದಾಗ ಚಿಕೊನ ಜನ ತಡೆದರು. ಕೊಲೆ ಬೆದರಿಕೆಗಳು ಹೆಚ್ಚಿದವು. ಡಿಸೆಂಬರ್ 22ರ ಸಂಜೆ, ಕಾವಲಿಗಿದ್ದ ಇಬ್ಬರು ಪೊಲೀಸರು ಮನೆಯೊಳಗೆ ಡಾಮಿನೊ ಆಡುತ್ತಿದ್ದರು. ಸ್ನಾನಕ್ಕೆಂದು ಟವೆಲ್ ಹಿಡಿದು ಹಿತ್ತಲ ಬಾಗಿಲು ತೆಗೆದ ಚಿಕೊನಿಗೆ ಗುಂಡು ಬಿತ್ತು. 44 ತುಂಬಿ ಒಂದೇ ವಾರವಾಗಿತ್ತು. ಮನೆಯಲ್ಲಿ ಹೆಂಡತಿ, ಇಬ್ಬರು ಪುಟ್ಟ ಮಕ್ಕಳು. 1990ರಲ್ಲಿ ದಾರ್ಲಿಗೂ ಅವನ ಮಗನಿಗೂ 19 ವರ್ಷಗಳ ಶಿಕ್ಷೆಯಾಯಿತು.

ಅದೇ ವರ್ಷ ಸುಮಾರು 9.7 ಲಕ್ಷ ಹೆಕ್ಟೇರ್ ಕಾಡು ಚಿಕೊ ಮೆಂಡಿಸ್ ಹೆಸರಿನ ಮೀಸಲು ಪ್ರದೇಶವಾಯಿತು. ಅಲ್ಲಿಗೂ ಇಂದು ದನದ ದೊಡ್ಡಿಗಳು ನುಗ್ಗುತ್ತಿವೆ, ಕಾಡು ಕರಗುತ್ತಿದೆ. ಹೋರಾಟ ಮುಗಿದಿಲ್ಲ.

ಕೆಲಸ ಸಿಕ್ಕರೆ ಸಾಕು ಎಂದು ಕಾಯುತ್ತಿರುವವರು ನಾವು. ನಾಳೆ ನಮ್ಮಲ್ಲೇ ಕೆಲವರು ರಸ್ತೆಯ, ಅಣೆಕಟ್ಟೆಯ ನಕ್ಷೆ ಬರೆಯುತ್ತೇವೆ. ನಕ್ಷೆಯ ಮೇಲೆ ಕಾಡು ಬರೀ ಹಸಿರು ಬಣ್ಣ. ಅದರೊಳಗೆ ಯಾರ ಕಾಲುದಾರಿ ಇದೆ ಎಂದು ಒಮ್ಮೆ ಕೇಳಿಕೊಂಡು ಗೆರೆ ಎಳೆದರೆ, ನಾವು ಕಲಿತ ಅಕ್ಷರಕ್ಕೂ ಒಂದು ಬೆಲೆ.